ಹೊಲದ ಪೈರು ಹೇಳಿದ ಹಳೆಯ ಕಥೆ

ವಿದ್ಯಾರ್ಥಿಗಳೇ, ಒಂದು ಹೊಲದ ಮೂಲೆಯಲ್ಲಿ ಹಿಂದೆ ತಿಪ್ಪೆಗುಂಡಿ ಇತ್ತು ಎಂದುಕೊಳ್ಳಿ. ಅದನ್ನು ಮುಚ್ಚಿ, ನೆಲ ಸಮ ಮಾಡಿ, ರಾಗಿ ಬಿತ್ತಿದ್ದಾರೆ. ಗುಂಡಿ ಇದ್ದ ಜಾಗದಲ್ಲಿ ಪೈರು ಹೇಗೆ ಬರುತ್ತದೆ? ಸುತ್ತಲಿನದಕ್ಕಿಂತ ಎತ್ತರವಾಗಿ, ಕಡು ಹಸಿರಾಗಿ ಬರುತ್ತದೆ. ಅದೇ ಹೊಲದ ಇನ್ನೊಂದು ಕಡೆ, ಒಂದು ಗೇಣು ಮಣ್ಣಿನ ಕೆಳಗೆ ಹಾಸುಬಂಡೆ ಇದ್ದರೆ? ಅಲ್ಲಿ ಪೈರು ಕುಳ್ಳಗಿರುತ್ತದೆ. ಮಳೆ ತಡವಾದರೆ ಎಲ್ಲಕ್ಕಿಂತ ಮೊದಲು ಅದೇ ಬಾಡಿ ಹಳದಿಯಾಗುತ್ತದೆ. ನಿಮ್ಮ ತಾತನನ್ನೋ ಅಪ್ಪನನ್ನೋ ಕೇಳಿ ನೋಡಿ. ರೈತರಿಗೆ ಇದು ಹೊಸ ಸಂಗತಿಯಲ್ಲ.

ಇಷ್ಟು ಸರಳವಾದ ಈ ವಿಷಯವನ್ನೇ ಹಿಡಿದುಕೊಂಡು ಇಂಗ್ಲೆಂಡಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಹೊಲಗಳು, ಊರುಗಳು, ರಸ್ತೆಗಳು, ಒಂದು ಅರಮನೆ ಸಹ ಪತ್ತೆಯಾಗಿವೆ. ಪತ್ತೆ ಮಾಡಿದವರು ಮೊದಲು ಗುದ್ದಲಿ ಹಿಡಿಯಲಿಲ್ಲ. ಹೊಲದ ಮೇಲೆ ವಿಮಾನದಲ್ಲಿ ಹಾರಿದರು, ಫೋಟೋ ತೆಗೆದರು, ನಕ್ಷೆ ಹಿಡಿದು ನಡೆದರು. ಈ ವಿದ್ಯೆಗೆ ಭೂದೃಶ್ಯ ಪುರಾತತ್ತ್ವ ಎಂದು ಹೆಸರು.

ಅಗೆಯದೆ ಓದುವ ವಿದ್ಯೆ

ಪುರಾತತ್ತ್ವ ಎಂದ ಕೂಡಲೇ ನಮಗೆ ನೆನಪಾಗುವುದು ಉತ್ಖನನ, ಅಂದರೆ ನೆಲ ಅಗೆದು ಹಳೆಯ ವಸ್ತುಗಳನ್ನು ಹೊರತೆಗೆಯುವುದು. ಆದರೆ ಅಗೆಯುವುದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಒಂದು ಜಾಗವನ್ನು ಒಮ್ಮೆ ಅಗೆದರೆ ಅದು ಮುಗಿಯಿತು. ಯಾವ ಮಣ್ಣಿನ ಮೇಲೆ ಯಾವ ಮಣ್ಣು ಇತ್ತು, ಯಾವ ಮಡಕೆ ಚೂರು ಎಷ್ಟು ಆಳದಲ್ಲಿತ್ತು ಎಂಬುದನ್ನು ಆಗಲೇ ಬರೆದಿಟ್ಟುಕೊಳ್ಳದಿದ್ದರೆ ಇನ್ನೆಂದೂ ತಿಳಿಯುವುದಿಲ್ಲ. ಪುಸ್ತಕದ ಪುಟ ಓದುತ್ತಾ ಓದುತ್ತಾ ಹರಿದುಹಾಕಿದ ಹಾಗೆ ಅದು. ಮತ್ತೊಬ್ಬರು ಓದಲು ಪುಟವೇ ಇರುವುದಿಲ್ಲ.

ಇನ್ನೊಂದು ಮಾತು. ಜನ ಬದುಕುವುದು ಒಂದು ಗುಂಡಿಯೊಳಗೆ ಅಲ್ಲ. ಅವರಿಗೆ ಮನೆ ಇರುತ್ತದೆ, ಮನೆಯಿಂದ ಹೊಲಕ್ಕೆ ದಾರಿ ಇರುತ್ತದೆ, ದನ ಮೇಯಲು ಹುಲ್ಲುಗಾವಲು, ಸೌದೆಗೆ ಕಾಡು, ನೀರಿಗೆ ಹೊಳೆ, ಸಂತೆಗೆ ಹೋಗಲು ರಸ್ತೆ ಎಲ್ಲವೂ ಬೇಕು. ಇವೆಲ್ಲ ಸೇರಿದರೆ ಭೂದೃಶ್ಯ. ಒಂದು ಮನೆಯನ್ನು ಅಗೆದು ನೋಡಿದರೆ ಆ ಮನೆಯ ಸಂಗತಿ ತಿಳಿಯುತ್ತದೆ. ಇಡೀ ಸೀಮೆಯನ್ನು ನೋಡಿದರೆ ಮಾತ್ರ ಆ ಜನ ಹೇಗೆ ಬಾಳಿದರು ಎಂಬುದು ತಿಳಿಯುತ್ತದೆ. ಭೂದೃಶ್ಯ ಪುರಾತತ್ತ್ವಜ್ಞರು ಮಾಡುವ ಕೆಲಸ ಇದು.

ಬ್ರಿಟನ್ ದೇಶ ಈ ವಿದ್ಯೆಯ ತೊಟ್ಟಿಲು ಎನ್ನಬಹುದು. ಅಲ್ಲಿನ ಚರಿತ್ರೆಯನ್ನು ಎರಡು ವಾಕ್ಯದಲ್ಲಿ ತಿಳಿದುಕೊಂಡರೆ ಮುಂದಿನದು ಸುಲಭ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಬ್ರಿಟನ್ನಿಗೆ ನುಗ್ಗಿತು, ಸುಮಾರು 410ರವರೆಗೆ ಅಲ್ಲಿ ರೋಮನ್ ಆಳ್ವಿಕೆ ಇತ್ತು. ಆಮೇಲೆ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಆಂಗ್ಲೋ-ಸ್ಯಾಕ್ಸನ್ ಜನ ಬಂದು ನೆಲೆಸಿದರು, ಅವರ ಕಾಲವನ್ನು ಆದಿ ಮಧ್ಯಯುಗ ಎನ್ನುತ್ತಾರೆ.

ಅಂದ ಹಾಗೆ, ರೋಮನ್ನರು ನಮಗೂ ದೂರದವರಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಟೈಬೀರಿಯಸ್ ತೀರಿಕೊಂಡದ್ದು ಕ್ರಿ.ಶ. 37ರಲ್ಲಿ. ಅಂದರೆ ಆ ನಾಣ್ಯದ ಮೇಲಿನ ಮುದ್ರೆ ರೋಮನ್ನರು ಬ್ರಿಟನ್ ಗೆಲ್ಲುವುದಕ್ಕಿಂತ ಹಿಂದಿನದು!

ಮುಂಬಯಿಯಲ್ಲಿ ಹುಟ್ಟಿದ ಹುಡುಗ

ಈ ವಿದ್ಯೆಗೆ ರೂಪ ಕೊಟ್ಟವರಲ್ಲಿ ಮುಖ್ಯರು ಆಸ್ಬರ್ಟ್ ಗೈ ಸ್ಟ್ಯಾನ್‌ಹೋಪ್ ಕ್ರಾಫರ್ಡ್. ಹೆಸರು ಉದ್ದವಾಯಿತು, ನಾವು ಕ್ರಾಫರ್ಡ್ ಎನ್ನೋಣ. ಅವರು ಹುಟ್ಟಿದ್ದು ನಮ್ಮ ದೇಶದಲ್ಲೇ, 1886ರಲ್ಲಿ, ಮುಂಬಯಿಯ ಬ್ರೀಚ್ ಕ್ಯಾಂಡಿಯಲ್ಲಿ. ತಂದೆ ಇಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಮೂರು ತಿಂಗಳ ಕೂಸನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಅಲ್ಲಿ ಇಬ್ಬರು ಸೋದರತ್ತೆಯರು ಸಾಕಿದರು. ಹುಡುಗನಿಗೆ ಎಂಟು ವರ್ಷ ತುಂಬುವ ಹೊತ್ತಿಗೆ ತಂದೆಯೂ ಇಲ್ಲವಾದರು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಕ್ರಾಫರ್ಡ್ ಓದುತ್ತಿದ್ದುದು ಗ್ರೀಕ್, ಲ್ಯಾಟಿನ್ ಮುಂತಾದ ಹಳೆಯ ಸಾಹಿತ್ಯ. ಆಗ ಅದಕ್ಕೇ ಹೆಚ್ಚು ಮರ್ಯಾದೆ. ಅವರು ಅದನ್ನು ಬಿಟ್ಟು ಭೂಗೋಳ ಶಾಸ್ತ್ರಕ್ಕೆ ಬಂದರು. ಚರಿತ್ರೆಯನ್ನು ನಕ್ಷೆಯ ಮೇಲೆ ಓದುವ ಹುಚ್ಚು ಆಗಲೇ ಹಿಡಿದಿತ್ತು.

ಮೊದಲನೆಯ ಮಹಾಯುದ್ಧ ಬಂತು. ಕ್ರಾಫರ್ಡ್ ಸೈನ್ಯದ ವಿಮಾನ ದಳದಲ್ಲಿ ವೀಕ್ಷಕರಾದರು. ವಿಮಾನ ನಡೆಸುವವರು ಬೇರೆ. ಹಿಂದೆ ಕೂತು ಕೆಳಗಿನ ನೆಲ ನೋಡಿ ಫೋಟೋ ತೆಗೆಯುವುದು, ಶತ್ರುಗಳ ಕಂದಕ ಎಲ್ಲಿದೆ ಎಂದು ಗುರುತಿಸುವುದು ವೀಕ್ಷಕರ ಕೆಲಸ. 1918ರ ಫೆಬ್ರವರಿಯಲ್ಲಿ ಅವರ ವಿಮಾನವನ್ನು ಹೊಡೆದು ಇಳಿಸಿದರು. ಜರ್ಮನಿಯಲ್ಲಿ ಸೆರೆಯಾದರು. ನದಿ ಈಜಿ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರು! ಸೆರೆಮನೆಯಲ್ಲಿ ಕೈಕಟ್ಟಿ ಕೂರದೆ ಪುಸ್ತಕ ಬರೆಯತೊಡಗಿದರು. ಅದು 1921ರಲ್ಲಿ ಅಚ್ಚಾಯಿತು.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಅವರಿಗೆ ಒಂದು ಹೊಸ ಹುದ್ದೆ ಸಿಕ್ಕಿತು. ಬ್ರಿಟನ್ನಿನ ನಕ್ಷೆಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯಲ್ಲಿ ಪುರಾತತ್ತ್ವ ಅಧಿಕಾರಿ. ಅಂಥ ಹುದ್ದೆಗೆ ಅವರೇ ಮೊದಲಿಗರು. ನಕ್ಷೆಗಳಲ್ಲಿ ಹಳೆಯ ದಿಬ್ಬ, ಕೋಟೆ, ಸಮಾಧಿಗಳನ್ನು ಗುರುತು ಮಾಡಿದ್ದರೂ ಅದರಲ್ಲಿ ತಪ್ಪುಗಳು ತುಂಬಿದ್ದವು. ಕ್ರಾಫರ್ಡ್ ಸೈಕಲ್ ಹತ್ತಿ, ನಕ್ಷೆಗಳನ್ನು ಹೊತ್ತು ಹೊರಟರು. ಕಾಟ್ಸ್‌ವಲ್ಡ್ ಎಂಬ ಗುಡ್ಡಗಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾಗಗಳನ್ನು ಕಣ್ಣಾರೆ ನೋಡಿ, ಯಾರೂ ಗುರುತಿಸದಿದ್ದ ಹತ್ತಾರು ಸಮಾಧಿ ದಿಬ್ಬಗಳನ್ನು ನಕ್ಷೆಗೆ ಸೇರಿಸಿದರು. ಊರಿನ ಶಾಲಾ ಶಿಕ್ಷಕರು, ಪಾದ್ರಿಗಳು, ವೈದ್ಯರು, ರೈತರು ಇಂಥವರನ್ನೆಲ್ಲ ಗೆಳೆಯರನ್ನಾಗಿ ಮಾಡಿಕೊಂಡು ಅವರಿಂದಲೂ ಸುದ್ದಿ ತರಿಸಿಕೊಂಡರು. ಊರವರಿಗೆ ಗೊತ್ತಿರುವಷ್ಟು ಆ ಊರಿನ ನೆಲ ಬೇರೆ ಯಾರಿಗೆ ಗೊತ್ತಿರುತ್ತದೆ?

ಬೆಕ್ಕು ಮತ್ತು ಜಮಖಾನೆ

1922ರಲ್ಲಿ ವಾಯುಪಡೆಯ ಅಧಿಕಾರಿಯೊಬ್ಬರು ಕೆಲವು ಫೋಟೋಗಳಲ್ಲಿ ವಿಚಿತ್ರ ಗೆರೆಗಳನ್ನು ಕಂಡರು. ಹ್ಯಾಂಪ್‌ಷೈರ್ ಜಿಲ್ಲೆಯ ಬೋಳು ಗುಡ್ಡಗಳ ಮೇಲೆ ಚೌಕುಳಿಗಳು ಹಾಸಿದ ಹಾಗೆ ಕಾಣುತ್ತಿತ್ತು. ಕ್ರಾಫರ್ಡ್ ಅವರನ್ನು ಕರೆಸಿದರು. ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಅವು ರೋಮನ್ನರಿಗೂ ಹಿಂದಿನಿಂದ ರೋಮನ್ ಕಾಲದವರೆಗೆ ಉತ್ತು ಬಿತ್ತಿದ ಹೊಲಗಳು! ಎರಡು ಸಾವಿರ ವರ್ಷಗಳ ಹಿಂದಿನ ರೈತರ ಹೊಲಗಳ ಬದುಗಳು.

ಆ ಗುಡ್ಡದ ಮೇಲೆ ದಿನವೂ ಕುರಿ ಕಾಯುವವರು ಓಡಾಡುತ್ತಿದ್ದರಲ್ಲ, ಅವರಿಗೆ ಏಕೆ ಕಾಣಲಿಲ್ಲ? ಇದಕ್ಕೆ ಕ್ರಾಫರ್ಡ್ ಕೊಟ್ಟ ಉದಾಹರಣೆ ಬಹಳ ಚೆನ್ನಾಗಿದೆ. ಹೂಬಳ್ಳಿ ನೇಯ್ದ ಜಮಖಾನೆಯ ಮೇಲೆ ಬೆಕ್ಕು ಕೂತಿದೆ. ಅದರ ಕಣ್ಣು ನೆಲಕ್ಕೆ ಅಷ್ಟು ಹತ್ತಿರ ಇರುವುದರಿಂದ ಅದಕ್ಕೆ ಅಲ್ಲೊಂದು ಕೆಂಪು ನೂಲು, ಇಲ್ಲೊಂದು ನೀಲಿ ನೂಲು ಕಾಣುತ್ತದೆ ಅಷ್ಟೆ. ಎದ್ದು ನಿಂತ ಮನುಷ್ಯನಿಗೆ ಇಡೀ ಚಿತ್ತಾರ ಕಾಣುತ್ತದೆ. ನೆಲದ ಮೇಲೆ ನಡೆಯುವ ನಾವು ಬೆಕ್ಕಿನ ಹಾಗೆ. ವಿಮಾನದಲ್ಲಿ ಕೂತವರು ಎದ್ದು ನಿಂತ ಮನುಷ್ಯನ ಹಾಗೆ. ಕ್ರಾಫರ್ಡ್ ಅವರಿಗೆ ಬೆಕ್ಕು ಎಂದರೆ ಪ್ರಾಣ. ಬೆಕ್ಕುಗಳ ಭಾಷೆಯ ಬಗ್ಗೆ ಬಿಬಿಸಿ ರೇಡಿಯೋದಲ್ಲಿ ಭಾಷಣ ಸಹ ಮಾಡಿದ್ದರು. ಹಾಗಾಗಿ ಈ ಉದಾಹರಣೆ ಅವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಮರುವರ್ಷ ಇನ್ನೊಂದು ಸಂಗತಿ ನಡೆಯಿತು. ಸ್ಟೋನ್‌ಹೆಂಜ್ ಎಂಬ ದೊಡ್ಡ ಕಲ್ಲುಗಳ ವೃತ್ತದ ಚಿತ್ರವನ್ನು ನೀವು ಪುಸ್ತಕಗಳಲ್ಲಿ ನೋಡಿರಬಹುದು. ಅದು ರೋಮನ್ನರಿಗಿಂತ ಬಹಳ ಬಹಳ ಹಿಂದಿನದು. ಅಲ್ಲಿಂದ ಹೊರಡುವ ಒಂದು ಹಳೆಯ ದಾರಿ ಸ್ವಲ್ಪ ದೂರ ಹೋಗಿ ಉತ್ತ ಹೊಲದಲ್ಲಿ ಮಾಯವಾಗಿತ್ತು. ಮುಂದೆ ಎಲ್ಲಿಗೆ ಹೋಗುತ್ತಿತ್ತು ಎಂದು ಯಾರಿಗೂ ತಿಳಿದಿರಲಿಲ್ಲ. 1921ರಲ್ಲಿ ವಾಯುಪಡೆಯವರು ತೆಗೆದಿದ್ದ ಫೋಟೋಗಳನ್ನು 1923ರಲ್ಲಿ ಕ್ರಾಫರ್ಡ್ ಪರೀಕ್ಷಿಸಿದಾಗ ಎರಡು ತೆಳುವಾದ ಗೆರೆಗಳು ಒಟ್ಟೊಟ್ಟಿಗೆ ಏವನ್ ನದಿಯ ಕಡೆ ಹೋಗುವುದು ಕಂಡಿತು. ಫೋಟೋದಲ್ಲಿ ಕಂಡರೆ ಸಾಕೆ? ಅದೇ ಸೆಪ್ಟೆಂಬರಿನಲ್ಲಿ ಅವರು ಗೆಳೆಯರೊಬ್ಬರ ಜೊತೆ ಅಲ್ಲಿಗೆ ಹೋಗಿ, ಗೆರೆ ಕಂಡ ಕಡೆ ಸಣ್ಣ ಅಗೆತ ಮಾಡಿ ನೋಡಿದರು. ಫೋಟೋ ಹೇಳಿದ ಜಾಗದಲ್ಲೇ ಹಳೆಯ ಕಾಲುವೆಗಳಿದ್ದವು. ವಿಜ್ಞಾನದ ಕ್ರಮ ಇದು. ಮೊದಲು ವೀಕ್ಷಣೆ, ಆಮೇಲೆ ಊಹೆ, ಕೊನೆಗೆ ಪರೀಕ್ಷೆ.

1924ರಲ್ಲಿ ಅಲೆಗ್ಸಾಂಡರ್ ಕೀಲರ್ ಎಂಬ ಶ್ರೀಮಂತ ಗೆಳೆಯರು ವಿಮಾನವೊಂದನ್ನು ಬಾಡಿಗೆಗೆ ಪಡೆದರು. ಕಿತ್ತಳೆ ಹಣ್ಣಿನ ಮಾರ್ಮಲೇಡ್ ತಯಾರಿಸುವ ಮನೆತನದವರು ಅವರು. ಬ್ರೆಡ್ಡಿಗೆ ಸವರುವ ಮಾರ್ಮಲೇಡಿನ ಹಣದಿಂದ ಪುರಾತತ್ತ್ವಕ್ಕೆ ರೆಕ್ಕೆ ಬಂತು! ಇಬ್ಬರೂ ಸೇರಿ ದಕ್ಷಿಣ ಇಂಗ್ಲೆಂಡಿನ ಮೇಲೆ ಹಾರಾಡಿ ತೆಗೆದ ಫೋಟೋಗಳ ಪುಸ್ತಕ 1928ರಲ್ಲಿ ಹೊರಬಂತು.

ಗುರುತುಗಳು ಮೂಡುವುದು ಹೇಗೆ?

ಪೈರಿನ ಗುರುತನ್ನು ಮೊದಲೇ ಹೇಳಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಹಳೆಯ ಕಾಲುವೆ ಅಥವಾ ಗುಂಡಿ ಕಾಲಕ್ರಮೇಣ ಮೇಲ್ಮಣ್ಣಿನಿಂದ ತುಂಬಿಕೊಳ್ಳುತ್ತದೆ. ಆ ಮಣ್ಣು ಆಳವಾಗಿ, ಸಡಿಲವಾಗಿ ಇರುವುದರಿಂದ ತೇವವನ್ನು ಹಿಡಿದಿಡುತ್ತದೆ. ಅಲ್ಲಿ ಬೇರು ಆಳಕ್ಕೆ ಇಳಿಯುತ್ತದೆ, ಪೈರು ಎತ್ತರ ಬೆಳೆದು ತಡವಾಗಿ ಹಣ್ಣಾಗುತ್ತದೆ. ಹಳೆಯ ಗೋಡೆ ಅಥವಾ ಕಲ್ಲು ಹಾಸಿದ ರಸ್ತೆ ಇರುವ ಕಡೆ ಇದಕ್ಕೆ ವಿರುದ್ಧ. ಮಣ್ಣು ತೆಳು, ತೇವ ಕಡಿಮೆ, ಪೈರು ಬೇಗ ಬಾಡುತ್ತದೆ. ಬಾರ್ಲಿ, ಓಟ್ಸ್, ಗೋಧಿಯಂಥ ಒತ್ತಾಗಿ ಬೆಳೆಯುವ ಪೈರಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ಎಲ್ಲ ಕಡೆಯೂ ತೇವ ಇರುವುದರಿಂದ ಗುರುತೇ ಕಾಣುವುದಿಲ್ಲ. ಒಣ ವರ್ಷದಲ್ಲಿ ರೈತರು ಆಕಾಶ ನೋಡಿ ನಿಟ್ಟುಸಿರು ಬಿಡುವಾಗ ಪುರಾತತ್ತ್ವಜ್ಞರು ವಿಮಾನ ಹತ್ತುತ್ತಾರೆ. ಇದು ಸ್ವಲ್ಪ ಕ್ರೂರ ಎನಿಸಿದರೂ ನಿಜ. 2018ರಲ್ಲಿ ಬ್ರಿಟನ್ನಿನಲ್ಲಿ ಬೇಸಿಗೆ ಬಹಳ ಒಣಗಿತ್ತು. ಆ ಒಂದು ಬೇಸಿಗೆಯಲ್ಲಿ ಹಿಂದೆಂದೂ ಕಾಣದ ಅನೇಕ ಹಳೆಯ ನೆಲೆಗಳು ಹೊಲಗಳಲ್ಲಿ ಚಿತ್ರ ಬರೆದಂತೆ ಮೂಡಿದವು.

ನೆರಳಿನ ಗುರುತು ಇನ್ನೊಂದು ಬಗೆ. ಗೇಣುದ್ದದ ದಿಬ್ಬ ನಡು ಮಧ್ಯಾಹ್ನ ಕಣ್ಣಿಗೆ ಬೀಳುವುದಿಲ್ಲ. ಬೆಳಗ್ಗೆ ಅಥವಾ ಸಂಜೆ ಸೂರ್ಯ ತಗ್ಗಿನಲ್ಲಿದ್ದಾಗ ಅದರ ನೆರಳು ಉದ್ದಕ್ಕೆ ಬೀಳುತ್ತದೆ. ಶಾಲೆಯ ಮೈದಾನವನ್ನು ಸಂಜೆ ಐದೂವರೆಗೆ ಒಮ್ಮೆ ಮಹಡಿಯ ಮೇಲಿನಿಂದ ನೋಡಿ, ಮಧ್ಯಾಹ್ನ ಕಾಣದ ಏರುತಗ್ಗುಗಳು ಕಾಣುತ್ತವೆ. ಮೂರನೆಯದು ಮಣ್ಣಿನ ಬಣ್ಣ. ಸೀಮೆಸುಣ್ಣದ ಬಿಳಿ ನೆಲದಲ್ಲಿ ಉತ್ತಾಗ ಹಳೆಯ ಕಾಲುವೆಯ ಜಾಗ ಕಪ್ಪು ಪಟ್ಟೆಯಾಗಿ ಕಾಣುತ್ತದೆ.

ಬಾರ್ಲಿಯಲ್ಲಿ ಮೂಡಿದ ಪಟ್ಟಣ

ರೋಮನ್ನರ ಒಂದು ಪಟ್ಟಣದ ಕಥೆ ಕೇಳಿ. ಪೂರ್ವ ಇಂಗ್ಲೆಂಡಿನಲ್ಲಿ ನಾರಿಚ್ ಎಂಬ ನಗರದ ಹತ್ತಿರ ಕೇಸ್ಟರ್ ಎಂಬ ಊರು. ಅಲ್ಲಿ ಹಳೆಯ ಕೋಟೆಗೋಡೆ ಮಾತ್ರ ಉಳಿದಿತ್ತು. ಗೋಡೆಯ ಒಳಗೆ ಒಂದು ಚರ್ಚು ಬಿಟ್ಟರೆ ಉಳಿದದ್ದೆಲ್ಲ ಹೊಲ. 1928ರ ಜುಲೈ ತಿಂಗಳಲ್ಲಿ ವಾಯುಪಡೆಯ ವಿಮಾನ ಅದರ ಮೇಲೆ ಹಾರಿ ಫೋಟೋ ತೆಗೆಯಿತು. ಪೈರು ಒಣಗುತ್ತಿದ್ದ ಹೊತ್ತು. ಫೋಟೋ ತೊಳೆದು ನೋಡಿದರೆ ಅದರಲ್ಲಿ ಇಡೀ ಪಟ್ಟಣ! ಒಂದಕ್ಕೊಂದು ಅಡ್ಡ ಹಾಯುವ ನೇರ ಬೀದಿಗಳು, ಕಟ್ಟಡಗಳ ತಳಪಾಯಗಳು ಹಳದಿ ಗೆರೆಗಳ ಸಾಲಿನಲ್ಲಿ ಇದ್ದವು. ಮರುವರ್ಷ ಪತ್ರಿಕೆಯಲ್ಲಿ ಆ ಫೋಟೋ ಅಚ್ಚಾದಾಗ ಜನ ಬೆರಗಾದರು. ಆ ವರ್ಷವೇ ಅಲ್ಲಿ ಉತ್ಖನನವೂ ಶುರುವಾಯಿತು.

ವೆಂಟಾ ಐಸೆನೋರಮ್ ಎಂಬುದು ಆ ಪಟ್ಟಣದ ರೋಮನ್ ಹೆಸರು. ಲಂಡನ್ನಿನಂಥ ಕಡೆ ರೋಮನ್ ಪಟ್ಟಣದ ಮೇಲೆಯೇ ಹೊಸ ಊರು ಬೆಳೆಯಿತು. ಹಳೆಯದು ಮನೆಗಳ ಅಡಿಯಲ್ಲಿ ಸಿಕ್ಕಿಕೊಂಡಿತು. ಇಲ್ಲಿ ಹಾಗಾಗಲಿಲ್ಲ. ಜನ ಕೆಲವು ಕಿಲೋಮೀಟರ್ ಆಚೆ ನಾರಿಚ್ ಕಟ್ಟಿಕೊಂಡರು. ಹಳೆಯ ಪಟ್ಟಣ ಹೊಲದ ಕೆಳಗೆ ಮಲಗಿತ್ತು.

ಊರಿನ ಹೆಸರುಗಳೂ ಸುಳಿವು ಕೊಡುತ್ತವೆ. ಲ್ಯಾಟಿನ್ ಭಾಷೆಯಲ್ಲಿ ಸೈನ್ಯದ ಪಾಳೆಯಕ್ಕೆ ಕಾಸ್ತ್ರ ಎನ್ನುತ್ತಾರೆ. ಅದೇ ಸವೆದು ಇಂಗ್ಲಿಷಿನಲ್ಲಿ ಚೆಸ್ಟರ್, ಕ್ಯಾಸ್ಟರ್ ಆಯಿತು. ಕ್ರಿಕೆಟ್ ಕಾಮೆಂಟರಿ ಕೇಳುವ ನಿಮಗೆ ಮ್ಯಾಂಚೆಸ್ಟರ್ ಗೊತ್ತಿರುತ್ತದೆ. ಅಲ್ಲಿ ರೋಮನ್ ಕೋಟೆ ಇತ್ತು. ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮ್ ಹೆಸರುಗಳ ಕೊನೆಯ ಹ್ಯಾಮ್ ಆಂಗ್ಲೋ-ಸ್ಯಾಕ್ಸನ್ನರ ಮಾತು. ಜನ ನೆಲೆಸಿದ ಜಾಗ ಎಂದು ಅರ್ಥ. ನಮ್ಮ ಹಳ್ಳಿ, ಪುರ, ಪಾಳ್ಯ, ಕೆರೆ ಎಂದು ಕೊನೆಯಾಗುವ ಹೆಸರುಗಳ ಹಾಗೆಯೇ. ಇಂಥ ಸುಳಿವುಗಳನ್ನೆಲ್ಲ ಕೂಡಿಸಿ ಕ್ರಾಫರ್ಡ್ 1924ರಲ್ಲಿ ರೋಮನ್ ಬ್ರಿಟನ್ನಿನ ನಕ್ಷೆ ತಂದರು. ಆದಿ ಮಧ್ಯಯುಗದ ನಕ್ಷೆಯ ದಕ್ಷಿಣ ಭಾಗ 1935ರಲ್ಲಿ ಬಂತು. ಎರಡನೆಯದಕ್ಕೆ ಹೆಚ್ಚು ಕಾಲ ಬೇಕಾಯಿತು. ಏಕೆ ಎಂದು ನೋಡೋಣ.

ಮರದ ಮನೆ ಏನನ್ನು ಉಳಿಸುತ್ತದೆ?

ರೋಮನ್ನರು ಕಲ್ಲು, ಇಟ್ಟಿಗೆ, ಹೆಂಚು ಬಳಸಿದರು. ಮಡಕೆಗಳನ್ನು ಚೆನ್ನಾಗಿ ಸುಟ್ಟರು. ನಾಣ್ಯಗಳನ್ನು ಅಲ್ಲಲ್ಲಿ ಬೀಳಿಸಿದರು. ಇವೆಲ್ಲ ಕೊಳೆಯುವುದಿಲ್ಲ. ಉತ್ತ ಹೊಲದಲ್ಲಿ ಸಾಲಾಗಿ ನಡೆದು ನೋಡಿದರೆ ಇಂದಿಗೂ ಹೊಳಪಿನ ಕೆಂಪು ಮಡಕೆ ಚೂರು ಸಿಗುತ್ತವೆ. ಹೀಗೆ ಹೊಲದಲ್ಲಿ ನಡೆದು, ಸಿಕ್ಕ ಚೂರುಗಳನ್ನು ನಕ್ಷೆಯಲ್ಲಿ ಗುರುತಿಸುವುದೂ ಈ ವಿದ್ಯೆಯ ಒಂದು ಭಾಗ.

ಆಂಗ್ಲೋ-ಸ್ಯಾಕ್ಸನ್ನರು ಮರದಿಂದ ಮನೆ ಕಟ್ಟಿದರು. ಅವರ ಮೊದಲ ಕಾಲದ ಮಡಕೆಗಳು ಹೆಚ್ಚು ಸುಡದೆ ಮೆತ್ತಗಿದ್ದವು, ನೇಗಿಲಿಗೆ ಸಿಕ್ಕರೆ ಪುಡಿಯಾದವು. ಮರ ಕೊಳೆತು ಮಣ್ಣಾಯಿತು. ಉಳಿದದ್ದು ಕಂಬ ನೆಟ್ಟ ಗುಂಡಿ ಮಾತ್ರ, ಅದೂ ಮಣ್ಣು ತುಂಬಿದ ಗುಂಡಿ. ಈಗ ನೆನಪಿಸಿಕೊಳ್ಳಿ, ಮಣ್ಣು ತುಂಬಿದ ಗುಂಡಿಯ ಮೇಲೆ ಪೈರು ಹೇಗೆ ಬೆಳೆಯುತ್ತದೆ?

1949ರ ಜುಲೈ ತಿಂಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸೇಂಟ್ ಜೋಸೆಫ್ ಎಂಬವರು ಸ್ಕಾಟ್ಲೆಂಡಿನ ಗಡಿಗೆ ಹತ್ತಿರದ ಯೆವರಿಂಗ್ ಎಂಬ ಕಡೆ ಹಾರುತ್ತಿದ್ದರು. ಕೆಳಗೆ ಓಟ್ಸ್ ಹೊಲ. ಅದರಲ್ಲಿ ಉದ್ದನೆಯ ದೊಡ್ಡ ಕಟ್ಟಡಗಳ ಆಕಾರ ಕಡು ಹಸಿರಿನಲ್ಲಿ ಮೂಡಿತ್ತು. ಪಕ್ಕದಲ್ಲೇ ಕಲ್ಲುಗಣಿ ಬೆಳೆಯುತ್ತಿತ್ತು. ಇನ್ನು ಕೆಲವು ವರ್ಷ ತಡವಾಗಿದ್ದರೆ ಎಲ್ಲವೂ ಗಣಿಯ ಪಾಲಾಗಬಹುದಿತ್ತು. ಬ್ರಯನ್ ಹೋಪ್-ಟೇಲರ್ ಎಂಬ ಪುರಾತತ್ತ್ವಜ್ಞರು ಅಲ್ಲಿ ಉತ್ಖನನ ಆರಂಭಿಸಿದರು. 1962ರವರೆಗೆ ಆ ಕೆಲಸ ನಡೆಯಿತು. ಕಂಬದ ಗುಂಡಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಸುಮಾರು 25 ಮೀಟರ್ ಉದ್ದದ ಮರದ ಸಭಾಭವನ ಕಂಡಿತು. ಅದರ ಹತ್ತಿರ ಇನ್ನೊಂದು ವಿಚಿತ್ರ ರಚನೆ. ಮೆಟ್ಟಿಲು ಮೆಟ್ಟಿಲಾಗಿ ಆಸನಗಳಿದ್ದ, ಬೀಸಣಿಗೆಯ ಆಕಾರದ ಮರದ ಕಟ್ಟಡ. ರೋಮನ್ ರಂಗಮಂದಿರದಿಂದ ಒಂದು ಹೋಳು ಕತ್ತರಿಸಿ ತಂದು ಇಟ್ಟ ಹಾಗಿತ್ತು! ರೋಮನ್ನರು ಹೋಗಿ ಇನ್ನೂರು ವರ್ಷಗಳಾದ ಮೇಲೆ ಅವರ ನೆನಪು ಮರದಲ್ಲಿ ಉಳಿದಿತ್ತು. ನನಗಂತೂ ಈ ಸಂಗತಿ ಎಲ್ಲ ಚಿನ್ನದ ನಿಧಿಗಿಂತ ರೋಚಕವೆನಿಸುತ್ತದೆ.

ಬೀಡ್ ಎಂಬ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಚರಿತ್ರೆಯ ಗ್ರಂಥದಲ್ಲಿ ಎಡ್ವಿನ್ ಎಂಬ ರಾಜನ ಅರಮನೆಯ ಮಾತು ಬರುತ್ತದೆ. ಅಲ್ಲಿ ಪಾಲೈನಸ್ ಎಂಬ ಧರ್ಮಗುರು 36 ದಿನ ಉಪದೇಶ ಮಾಡಿ, ಗ್ಲೆನ್ ನದಿಯಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸಿದರಂತೆ. ಮುಂದಿನ ರಾಜರು ಆ ಅರಮನೆಯನ್ನು ಬಿಟ್ಟುಬಿಟ್ಟರು ಎಂದೂ ಬೀಡ್ ಬರೆದಿದ್ದಾರೆ. ಪುಸ್ತಕದಲ್ಲಿ ಮಾತ್ರ ಇದ್ದ ಆ ಅರಮನೆ 1,200ಕ್ಕೂ ಹೆಚ್ಚು ವರ್ಷಗಳ ಮೇಲೆ ಓಟ್ಸ್ ಪೈರಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಚೌಕ ಹೊಲ, ಪಟ್ಟೆ ಹೊಲ

ಕ್ರಾಫರ್ಡ್ ಫೋಟೋಗಳಲ್ಲಿ ಎರಡು ಬಗೆಯ ಹಳೆಯ ಹೊಲಗಳನ್ನು ಕಂಡಿದ್ದರು. ಗುಡ್ಡದ ಮೇಲಿನವು ಸಣ್ಣ ಚೌಕಗಳು. ಕಣಿವೆಯ ಊರುಗಳ ಸುತ್ತ ಇದ್ದವು ಉದ್ದನೆಯ ಕಿರಿದಾದ ಪಟ್ಟೆಗಳು. ಆಕಾರ ಏಕೆ ಬೇರೆ? ನೇಗಿಲಿನಿಂದ. ಹಗುರವಾದ ನೇಗಿಲು ಮಣ್ಣನ್ನು ಗೀರುತ್ತದೆ, ಮಗುಚುವುದಿಲ್ಲ. ಹಾಗಾಗಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಉಳಬೇಕು. ಅದಕ್ಕೆ ಚೌಕದ ಹೊಲ ಅನುಕೂಲ. ಭಾರಿ ನೇಗಿಲಿಗೆ ಹಲವು ಜೊತೆ ಎತ್ತು ಕಟ್ಟಬೇಕು. ಆ ಎತ್ತಿನ ಸಾಲನ್ನು ಹೊಲದ ಕೊನೆಯಲ್ಲಿ ತಿರುಗಿಸುವುದು ಎಷ್ಟು ಕಷ್ಟ! ತಿರುಗಿಸುವುದು ಕಡಿಮೆಯಾಗಲಿ ಎಂದು ಹೊಲವನ್ನೇ ಉದ್ದ ಮಾಡಿದರು.

ಚೌಕ ಹೊಲ ಹಳೆಯ ಬ್ರಿಟನ್ ಜನರದು, ಪಟ್ಟೆ ಹೊಲ ಸ್ಯಾಕ್ಸನ್ನರು ತಂದದ್ದು ಎಂದು ಕ್ರಾಫರ್ಡ್ ಹೇಳಿದರು. ಮುಂದಿನ ಸಂಶೋಧಕರು ಇದನ್ನು ತಿದ್ದಿದ್ದಾರೆ. ಪಟ್ಟೆ ಹೊಲಗಳು ಸ್ಯಾಕ್ಸನ್ನರು ಬಂದ ಕೂಡಲೇ ಹುಟ್ಟಿದವಲ್ಲ, ಕೆಲವು ಶತಮಾನಗಳು ಕಳೆದ ಮೇಲೆ ನಿಧಾನವಾಗಿ ಬಂದವು ಎಂಬುದು ಈಗಿನ ತಿಳಿವಳಿಕೆ. ರೋಮನ್ ಕಾಲ ಮುಗಿದು ಮಧ್ಯಯುಗ ಬಂದಾಗ ರೈತರು ಹೊಲ ಬಿಟ್ಟು ಓಡಿದರೆ, ಅಥವಾ ದೊರೆ ಬದಲಾದರೂ ಅದೇ ಹೊಲವನ್ನು ಉಳುತ್ತಿದ್ದರೆ? ಅನೇಕ ಕಡೆ ಹಳೆಯ ಬದುಗಳನ್ನೇ ಹೊಸಬರೂ ಬಳಸಿದ್ದಾರೆ. ಸಂಶೋಧಕರ ಮುಂದಿರುವ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು.

1939ರ ಬೇಸಿಗೆ

ಸಟನ್ ಹೂ ಎಂಬ ಜಾಗದಲ್ಲಿ ದೊಡ್ಡ ದಿಬ್ಬಗಳಿದ್ದವು. ಜಮೀನಿನ ಒಡತಿ ಎಡಿತ್ ಪ್ರೆಟಿ ಅವರು ಬೇಸಿಲ್ ಬ್ರೌನ್ ಎಂಬವರಿಂದ ಅದನ್ನು ಅಗೆಯಿಸಿದರು. ಬ್ರೌನ್ ಹೆಚ್ಚು ಶಾಲೆ ಓದಿದವರಲ್ಲ, ಸ್ವಂತ ಶ್ರಮದಿಂದ ಕಲಿತವರು. ಮಣ್ಣಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು ಸಾಲಾಗಿ ಸಿಕ್ಕವು. ಅವರು ಕೂಡಲೇ ಕೈ ತಡೆದರು. ಅದು 27 ಮೀಟರ್ ಉದ್ದದ ಹಡಗು! ಹಲಗೆಗಳು ಕೊಳೆತುಹೋಗಿದ್ದರೂ ಮರಳಿನಲ್ಲಿ ಅವುಗಳ ಅಚ್ಚು ಹಾಗೆಯೇ ಉಳಿದಿತ್ತು. ಏಳನೆಯ ಶತಮಾನದ ಆರಂಭದಲ್ಲಿ ಒಬ್ಬ ರಾಜನನ್ನು ಹಡಗಿನೊಳಗೆ ಸಮಾಧಿ ಮಾಡಿದ್ದರು. ಜೊತೆಗೆ ಚಿನ್ನ, ಬೆಳ್ಳಿ, ಶಿರಸ್ತ್ರಾಣ. ಚಿನ್ನದ ಆಭರಣಗಳಲ್ಲಿ ಗಾರ್ನೆಟ್ ಎಂಬ ಕೆಂಪು ಹರಳುಗಳನ್ನು ಕೂರಿಸಿದ್ದರು. ಆ ಕಾಲದ ಯುರೋಪಿನ ಇಂಥ ಹರಳುಗಳನ್ನು ಪರೀಕ್ಷಿಸಿದಾಗ ಹಲವು ಭಾರತ ಮತ್ತು ಶ್ರೀಲಂಕಾದಿಂದ ಹೋದವು ಎಂದು ತಿಳಿದಿದೆ.

ಆದರೆ ಅದು 1939. ಯುದ್ಧ ತಲೆಯ ಮೇಲೆ ತೂಗುತ್ತಿತ್ತು. ಮರಳಿನ ಅಚ್ಚು ಎಷ್ಟು ದಿನ ನಿಲ್ಲುತ್ತದೆ? ಜುಲೈ ಕೊನೆಯಲ್ಲಿ ಕ್ರಾಫರ್ಡ್ ಬಂದು ನೂರಕ್ಕೂ ಹೆಚ್ಚು ಫೋಟೋ ತೆಗೆದರು. ಆಗಸ್ಟಿನಲ್ಲಿ ಮರ್ಸಿ ಲ್ಯಾಕ್ ಮತ್ತು ಬಾರ್ಬರಾ ವ್ಯಾಗ್‌ಸ್ಟಾಫ್ ಎಂಬ ಇಬ್ಬರು ಶಾಲಾ ಶಿಕ್ಷಕಿಯರು ರಜೆಯಲ್ಲಿ ಬಂದವರು 400ಕ್ಕೂ ಹೆಚ್ಚು ಫೋಟೋ ತೆಗೆದರು. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾಯಿತು. ಆಮೇಲೆ ಆ ಜಾಗ ಸೈನ್ಯದ ತರಬೇತಿಗೆ ಬಳಕೆಯಾಗಿ, ದಿಬ್ಬಗಳ ಮೇಲೆ ಟ್ಯಾಂಕುಗಳು ಓಡಾಡಿದವು. 1960ರ ದಶಕದಲ್ಲಿ ಮತ್ತೆ ಬಿಡಿಸಿ ನೋಡಿದಾಗ ಹಡಗಿನ ಅಚ್ಚಿಗೆ ಹಾನಿಯಾಗಿತ್ತು. ಅದು ಮೊದಲು ಹೇಗಿತ್ತು ಎಂದು ಇಂದು ನಮಗೆ ತಿಳಿಯುವುದು ಆ ಫೋಟೋಗಳಿಂದ.

ಕ್ರಾಫರ್ಡ್ ಕೆಲಸ ಮಾಡುತ್ತಿದ್ದ ಕಚೇರಿಯೂ ಉಳಿಯಲಿಲ್ಲ. 1940ರ ನವೆಂಬರಿನಲ್ಲಿ ಸೌತಾಂಪ್ಟನ್ ನಗರದ ಮೇಲೆ ಬಾಂಬು ಬಿದ್ದು ಅದು ಸುಟ್ಟಿತು. ದಾಖಲೆಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ ಎಂದು ಅವರು ಮೊದಲೇ ಒತ್ತಾಯಿಸಿದ್ದರು. ಕೆಲವನ್ನು ತಾವೇ ತಮ್ಮ ಮನೆಯ ಗ್ಯಾರೇಜಿಗೆ ಸಾಗಿಸಿದ್ದರು. ಅವು ಉಳಿದವು. 1946ರಲ್ಲಿ ನಿವೃತ್ತರಾಗಿ, 1957ರಲ್ಲಿ ತೀರಿಕೊಂಡರು.

ಈಗಿನ ಸಾಧನಗಳು

1946ರಿಂದ ನೆಲದೊಳಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿ ನೋಡುವ ಕ್ರಮವೂ ಪುರಾತತ್ತ್ವದಲ್ಲಿ ಬಂದಿದೆ. ತೇವದ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕಲ್ಲಿನ ಗೋಡೆ ತಡೆಯುತ್ತದೆ. ಪೈರು ತೋರಿಸುವ ವ್ಯತ್ಯಾಸವನ್ನೇ ಇಲ್ಲಿ ಮೀಟರು ತೋರಿಸುತ್ತದೆ! ಲೈಡಾರ್ ಎಂಬ ಸಾಧನವನ್ನು ವಿಮಾನಕ್ಕೆ ಕಟ್ಟಿ ಲೇಸರ್ ಕಿರಣಗಳನ್ನು ಕೆಳಗೆ ಬಿಡುತ್ತಾರೆ. ಕಿರಣ ನೆಲಕ್ಕೆ ಬಡಿದು ಹಿಂದಿರುಗಲು ಎಷ್ಟು ಹೊತ್ತಾಯಿತು ಎಂದು ಅಳೆದು ನೆಲದ ಏರುತಗ್ಗು ಲೆಕ್ಕ ಹಾಕುತ್ತಾರೆ. ಎಲೆಗಳ ಸಂದಿಯಲ್ಲಿ ಕೆಲವು ಕಿರಣ ನುಸುಳುವುದರಿಂದ ಕಾಡಿನ ಕೆಳಗಿನ ನೆಲವೂ ಕಾಣುತ್ತದೆ.

2020ರಲ್ಲಿ ಕೊರೊನಾ ಕಾರಣ ಎಲ್ಲರೂ ಮನೆಯಲ್ಲಿದ್ದಾಗ ಎಕ್ಸಿಟರ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಯಂಸೇವಕರಿಗೆ ಇಂಥ ಚಿತ್ರಗಳನ್ನು ಕೊಟ್ಟು ಹುಡುಕಲು ಹೇಳಿದರು. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತ ಅವರು ನೈಋತ್ಯ ಇಂಗ್ಲೆಂಡಿನಲ್ಲಿ ಯಾರೂ ಅರಿಯದ ರೋಮನ್ ರಸ್ತೆಯ ಭಾಗಗಳನ್ನೂ ಸುಮಾರು 30 ಹಳೆಯ ನೆಲೆಗಳನ್ನೂ ಗುರುತಿಸಿದರು.

ಈ ಕೆಲಸಕ್ಕೆ ಬರಬೇಕೆಂದರೆ ಏನು ಓದಬೇಕು? ಚರಿತ್ರೆ ಬೇಕು, ಭೂಗೋಳ ಬೇಕು. ಮಣ್ಣು ತಿಳಿಯಲು ರಸಾಯನಶಾಸ್ತ್ರ, ಹಳೆಯ ಗಿಡಗಳ ಪರಾಗ ಗುರುತಿಸಲು ಸಸ್ಯಶಾಸ್ತ್ರ, ಕಂಪ್ಯೂಟರ್ ನಕ್ಷೆಗೆ ಗಣಿತ, ಶಾಸನ ಮತ್ತು ದಾಖಲೆ ಓದಲು ಹಳೆಯ ಭಾಷೆ ಬೇಕು. ಎಲ್ಲವನ್ನೂ ಒಬ್ಬರೇ ಕಲಿಯಲಾಗದು, ಹಾಗಾಗಿ ತಂಡವಾಗಿ ದುಡಿಯುತ್ತಾರೆ. ದೂರ ನಡೆಯಲು ಕಾಲು, ಸಿಕ್ಕಿದ್ದನ್ನು ಆಗಲೇ ಬರೆದಿಡುವ ಅಭ್ಯಾಸ ಮಾತ್ರ ಪ್ರತಿಯೊಬ್ಬರಿಗೂ ಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಗಲವಾದ ಹಳೆಯ ಟ್ರೇ ಅಥವಾ ಮರದ ಪೆಟ್ಟಿಗೆ, ಮಣ್ಣು, ಒಂದು ಹೆಂಚಿನ ಚೂರು, ಸ್ವಲ್ಪ ಗೊಬ್ಬರ, ಒಂದು ಹಿಡಿ ರಾಗಿ ಅಥವಾ ಸಾಸಿವೆ.

ಟ್ರೇಯಲ್ಲಿ ನಾಲ್ಕು ಬೆರಳು ದಪ್ಪ ಮಣ್ಣು ತುಂಬಿ. ಒಂದು ಕಡೆ ಹೆಂಚಿನ ಚೂರನ್ನು ಒಂದು ಬೆರಳು ಆಳದಲ್ಲಿ ಹೂತಿಡಿ. ಇನ್ನೊಂದು ಕಡೆ ಉದ್ದಕ್ಕೆ ತಳದವರೆಗೆ ಕಾಲುವೆ ತೋಡಿ, ಅದಕ್ಕೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ. ಮೇಲೆ ಸಮ ಮಾಡಿ, ಎಲ್ಲ ಕಡೆ ಒಂದೇ ಸಮನೆ ಒತ್ತಾಗಿ ಬೀಜ ಚೆಲ್ಲಿ. ಎರಡು ವಾರ ಸರಿಯಾಗಿ ನೀರು ಹಾಕಿ ಬಿಸಿಲಿನಲ್ಲಿಡಿ. ಆಮೇಲೆ ನೀರು ನಿಲ್ಲಿಸಿ. ಹೆಂಚು, ಕಾಲುವೆ ಎಲ್ಲಿದೆ ಎಂದು ಗೊತ್ತಿಲ್ಲದ ಗೆಳೆಯರನ್ನು ಕರೆದು, ಬೆಂಚಿನ ಮೇಲೆ ನಿಲ್ಲಿಸಿ, ಮೇಲಿನಿಂದ ಕಂಡದ್ದನ್ನು ಕಾಗದದ ಮೇಲೆ ಬರೆಯಲು ಹೇಳಿ. ಯಾವ ಜಾಗದ ಪೈರು ಎಷ್ಟನೆಯ ದಿನ ಬಾಡಿತು ಎಂದು ದಿನಾಂಕ ಹಾಕಿ ಗುರುತು ಮಾಡಿಕೊಳ್ಳಿ. ಗೆಳೆಯರು ಬರೆದ ಚಿತ್ರ ಎಷ್ಟು ಸರಿ ಎಂದು ನೋಡಲು ಕೊನೆಗೆ ಮಣ್ಣು ಬಿಡಿಸಿ ನೋಡಿ.